ಉಪ್ಪು ಕಡಿಮೆ ಮಾಡಿಸಲು ನಗೆಯೋ, ಹಾಡೋ?

ಬಡಾವಣೆಯ ರಾಜ್ಯೋತ್ಸವದಲ್ಲಿ ಉಪ್ಪಿನ ಬಗ್ಗೆ ಅರಿವು ಮೂಡಿಸಲು ಹೊರಟವರ ಮುಂದೆ ಪ್ರಹಸನ ಮತ್ತು ಹಾಡು ಎಂಬ ಎರಡು ದಾರಿಗಳಿವೆ. ಹೇಳಬೇಕಾದ ವಿಷಯ ಮಾತ್ರ ಒಂದೇ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರ ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು, ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ಭಾರತೀಯರ ಸರಾಸರಿ ಸೇವನೆ ಸುಮಾರು 8 ಗ್ರಾಂ ಎಂದು ಕಂಡುಬಂದಿದೆ.

ಪ್ರಹಸನದ ಬಲವಿರುವುದು ಅಭ್ಯಾಸವನ್ನು ಕಣ್ಣೆದುರು ನಿಲ್ಲಿಸುವುದರಲ್ಲಿ. ರುಚಿ ನೋಡುವ ಮೊದಲೇ ಮೊಸರನ್ನಕ್ಕೆ ಉಪ್ಪು ಕಲಸಿ, ಅಂಚಿಗೆ ಮಾವಿನ ಮಿಡಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟುಕೊಂಡು, “ನನಗೆ ಬಿಪಿ ಯಾಕೆ ಬಂತೋ” ಎನ್ನುವ ಯಜಮಾನರನ್ನು ಕಂಡವರು ನಗುತ್ತಲೇ ತಮ್ಮ ತಟ್ಟೆಯನ್ನು ನೆನೆಯುತ್ತಾರೆ. ಆದರೆ ನಗೆ ಅಭ್ಯಾಸದ ಮೇಲಿರಬೇಕೇ ಹೊರತು ರೋಗಿಯ ಮೇಲಲ್ಲ. ಪಾರ್ಶ್ವವಾಯು ಬಡಿದವರ ಮನೆಯವರೂ ಸಭೆಯಲ್ಲಿರುತ್ತಾರೆ. ಅಲ್ಲದೆ, ಒಮ್ಮೆ ಕೇಳಿದ ಚಟಾಕಿ ಮರುವಾರಕ್ಕೆ ಹಳತಾಗುತ್ತದೆ.

ಹಾಡು ಹಳತಾದಷ್ಟೂ ನಾಲಿಗೆಗೆ ಹತ್ತಿರವಾಗುತ್ತದೆ. ಕಡಿಮೆ ಉಪ್ಪಿಗೆ ರುಚಿ ಒಗ್ಗಲು ಕೆಲವು ವಾರಗಳೇ ಬೇಕಾಗುವುದರಿಂದ, ಒಗ್ಗರಣೆ ಹಾಕುವಾಗ ತಾನಾಗಿ ಬಾಯಿಗೆ ಬರುವ, “ನಿಂಬೆ ಹಿಂಡು, ಜೀರಿಗೆ ಉದುರಿಸು” ಎಂಬಂಥ ಪಲ್ಲವಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ವಿವರಗಳನ್ನು ಮಾತ್ರ ಹಾಡು ಹೊರಲಾರದು: ಸಾಮಾನ್ಯ ಉಪ್ಪಿನ ಬದಲಿಗೆ ಬಳಸುವ ಪೊಟ್ಯಾಸಿಯಂ ಬೆರೆತ ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದೆಂಬುದನ್ನು ಮಾತಿನಲ್ಲೇ ಹೇಳಬೇಕು.

ಒಂದೇ ಸಂಜೆಯ ಕಾರ್ಯಕ್ರಮವಾದರೆ ಪ್ರಹಸನವನ್ನು ಆರಿಸಿಕೊಳ್ಳಿ. ಮಲ್ಲೇಶ್ವರ, ಬಸವನಗುಡಿಗಳಲ್ಲಿರುವಂತೆ ವಾರವಾರವೂ ಸೇರುವ ಭಜನಾ ಮಂಡಳಿ ನಿಮ್ಮಲ್ಲಿದ್ದರೆ, ಹಾಡನ್ನೇ ಆರಿಸಿ, ಅಡುಗೆ ಮಾಡುವ ಗಂಡಸರಿಗೂ ಕಲಿಸಿ.