ಸವಳು ನೀರಿನ ಊರಿಗೆ ಯಾವ ಗೀಜರ್? ಮೂರು ಬಗೆ ಬಳಸಿ ನೋಡಿದ ಮೇಲೆ

ರಾಯಚೂರಿನಲ್ಲಿ ಬೋರಿನ ನೀರಿಗೆ ಗೀಜರ್ ಕೂಡಿಸುವವರು ಕೇಳಿದರೆ, ಸ್ಪ್ಯಾನರ್ ಹಾಕಿ ತಳ ಬಿಚ್ಚಲು ಬರುವ 15 ಲೀಟರಿನ ಸ್ಟೋರೇಜ್ ಗೀಜರನ್ನೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಈ ಮಾತಿಗೆ ಬರುವಷ್ಟರಲ್ಲಿ 3 ಲೀಟರಿನ ಒಂದು ಇನ್‌ಸ್ಟಂಟ್ ಗೀಜರನ್ನು ಗುಜರಿಗೆ ಹಾಕಿದ್ದೇನೆ, ಅದಕ್ಕೂ ಮೊದಲು ಬಾಡಿಗೆ ಮನೆಯ ಮಾಳಿಗೆಯ ಮೇಲಿದ್ದ ಸೋಲಾರಿನ ನೀರನ್ನು ಎರಡು ವರ್ಷ ಮಿಂದಿದ್ದೇನೆ. ನಮ್ಮಲ್ಲಿ ನಳದ ನೀರು ಬಂದ ದಿನ ಅದನ್ನು ಕುಡಿಯಲು, ಅಡುಗೆಗೆ ಹಿಡಿದಿಡುತ್ತೇವೆ. ಬಚ್ಚಲಿಗೆ ಬೋರಿನ ನೀರೇ ಗತಿ. ಕುಡಿಯುವ ನೀರಿನ ಗಡಸುತನ, ಅಂದರೆ ಕರಗಿದ ಸುಣ್ಣ ಮೊದಲಾದ ಲವಣದ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೋರಿನ ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ತೊಗರಿಬೇಳೆ ಬೇಯುವುದಿಲ್ಲ.

ಇನ್‌ಸ್ಟಂಟ್ ಗೀಜರನ್ನು ಕೊಂಡದ್ದಕ್ಕೆ ಕಾರಣ ಸರಳವಾಗಿತ್ತು: ಬಚ್ಚಲು ಚಿಕ್ಕದು, ಬೆಲೆ ಕಡಿಮೆ, ಸ್ವಿಚ್ ಹಾಕಿದ ಕೂಡಲೇ ನೀರು. ಮೊದಲ ಚಳಿಗಾಲ ಯಾವ ತಕರಾರೂ ಇರಲಿಲ್ಲ. ಎರಡನೆಯ ಚಳಿಗಾಲದ ಆರಂಭಕ್ಕೆ ಒಳಗಿನಿಂದ ಗೊರಗೊರ ಸದ್ದು ಶುರುವಾಯಿತು, ಆಮೇಲೆ ನೀರು ಉಗುರುಬೆಚ್ಚಗಾಗುವ ಮುಂಚೆಯೇ ದೀಪ ಆರತೊಡಗಿತು, ಕೊನೆಗೆ ಒಂದು ಮುಂಜಾನೆ ಸ್ವಿಚ್ ಹಾಕಿದಾಗ ಇಡೀ ಮನೆಯ ಕರೆಂಟು ಟ್ರಿಪ್ ಆಯಿತು. ಮೆಕ್ಯಾನಿಕ್ ಬಂದು ಗೋಡೆಯಿಂದ ಇಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮಕ್ಕಳ ಗಿಲಕಿಯಂತೆ ಗಿಲಿಗಿಲಿ ಎಂದಿತು. ಒಳಗೆ ಸುಣ್ಣದ ಚಕ್ಕೆಗಳು. ಆದರೆ ಟ್ಯಾಂಕಿಗೆ ಸುತ್ತಲೂ ಬೆಸುಗೆ, ಬಿಚ್ಚಲು ಒಂದು ತಿರುಪೂ ಇಲ್ಲ. ವಾರಂಟಿ ಕಾರ್ಡಿನ ಹಿಂಬದಿಯಲ್ಲಿ, ಗಡಸು ನೀರಿನಿಂದಾದ ಕೇಡಿಗೆ ಕಂಪನಿ ಹೊಣೆಯಲ್ಲ ಎಂಬ ಸಾಲು ಇರುವೆಯ ಗಾತ್ರದ ಅಕ್ಷರಗಳಲ್ಲಿತ್ತು.

ನಡೆದದ್ದು ಇಷ್ಟು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯ್ದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ, ಅಂದರೆ ಕಾಯಿಲಿನ ಮೈಗೆ ಅಂಟಿಕೊಳ್ಳುತ್ತದೆ. ಆ ಪೊರೆ ಬಿಸಿಯನ್ನು ನೀರಿಗೆ ದಾಟಗೊಡುವುದಿಲ್ಲವಾದ್ದರಿಂದ ಕಾಯಿಲ್ ತನ್ನ ಬಿಸಿಯಲ್ಲಿ ತಾನೇ ಬೆಂದು ಸೀಳುತ್ತದೆ. ಸೀಳಿನಿಂದ ಕರೆಂಟು ನೀರಿಗೆ ಇಳಿಯುತ್ತದೆ. ಅಂದು ನಮ್ಮ ಮನೆಯಲ್ಲಿ ಅರ್ಥಿಂಗ್ ಸರಿಯಿದ್ದು, ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದುದಕ್ಕೆ ಕರೆಂಟು ಹೋದದ್ದಷ್ಟೇ ನಷ್ಟವಾಯಿತು. ಇನ್‌ಸ್ಟಂಟ್ ಗೀಜರಿನಲ್ಲಿ 3 ಕಿಲೋವಾಟಿನ ಕಾಯಿಲ್ 3 ಲೀಟರ್ ನೀರಿನಲ್ಲಿ ಕುಳಿತಿರುತ್ತದೆ. ಉದುರಿದ ಚಕ್ಕೆಗೆ ದೂರ ಸರಿಯಲು ಜಾಗವೇ ಇಲ್ಲ.

ಇನ್‌ಸ್ಟಂಟಿನಿಂದ ಕರೆಂಟು ಉಳಿಯುತ್ತದೆ ಎಂದು ಅಂಗಡಿಯವರು ಹೇಳುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಎರಡಕ್ಕೂ ಅಷ್ಟೇ ಕರೆಂಟು ಬೇಕು. 15 ಲೀಟರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಲೆಕ್ಕದ ಪ್ರಕಾರ 0.6 ಯೂನಿಟ್ ಸಾಕು, 2 ಕಿಲೋವಾಟಿನ ಕಾಯಿಲಿಗೆ ಇದು ಇಪ್ಪತ್ತು ನಿಮಿಷದ ಕೆಲಸ. ಇಡೀ ದಿನ ಸ್ವಿಚ್ ಹಾಕಿಡುವವರ ಮನೆಯಲ್ಲಿ ಮಾತ್ರ ಸ್ಟೋರೇಜ್ ಗೀಜರ್ ಕರೆಂಟು ತಿನ್ನುತ್ತದೆ.

ಸೋಲಾರ್ ಕೆಟ್ಟದ್ದೆಂದು ನಾನು ಹೇಳಲಾರೆ, ಆದರೆ ಈ ಊರಿಗೆ ಅದು ತಿರುಗುಮುರುಗು. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆಯ ಸಿಂಟೆಕ್ಸ್ ನೀರೇ ಕೈ ಇಡಲಾಗದಷ್ಟು ಸುಡುವಾಗ ಸೋಲಾರಿನ ನೀರು ಯಾರಿಗೆ ಬೇಕು? ಬಳಸದೆ ಬಿಟ್ಟ ನೀರು ಟ್ಯಾಂಕಿನಲ್ಲಿ ಕುದಿಕುದಿದು ಇನ್ನಷ್ಟು ಸುಣ್ಣ ಕಟ್ಟುತ್ತದೆ. ಒಮ್ಮೆ ಬೋರಿನ ಮೋಟರ್ ಕೆಟ್ಟು ಎರಡು ದಿನ ಟ್ಯಾಂಕು ಒಣಗಿತ್ತು. ಮೂರನೆಯ ದಿನ ನಡುಮಧ್ಯಾಹ್ನ ಮೋಟರ್ ಸರಿಯಾದ ಖುಷಿಯಲ್ಲಿ ಯಾರೋ ನೀರು ಏರಿಸಿದರು, ಕಾದು ಕೆಂಡವಾಗಿದ್ದ ಗಾಜಿನ ಕೊಳವೆಗೆ ತಣ್ಣೀರು ತಾಗಿ ಟಪ್ಪೆಂದು ಒಡೆಯಿತು. ಖಾಲಿ ಸೋಲಾರಿಗೆ ನೀರು ತುಂಬುವುದಾದರೆ ಬೆಳಗಿನ ಜಾವ ಅಥವಾ ಹೊತ್ತು ಮುಳುಗಿದ ಮೇಲೆ ಮಾತ್ರ.

ನೀರಿಗೆ ಇಳಿಬಿಡುವ ರಾಡು ಅಗ್ಗ, ಸುಣ್ಣ ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಸ್ವಿಚ್ ಆರಿಸುವ ಮೊದಲೇ ಬಕೆಟಿಗೆ ಕೈ ಹಾಕಿ ನೋಡುವ ಅಭ್ಯಾಸ ನಮ್ಮ ಅವ್ವನಿಗಿರುವುದರಿಂದ ಅದು ನಮ್ಮ ಮನೆಗೆ ಬೇಡ. ಗ್ಯಾಸ್ ಗೀಜರನ್ನು ತರಲೇ ಇಲ್ಲ. ಅಂಗೈಯಗಲದ ಗವಾಕ್ಷಿಯಿರುವ ಬಚ್ಚಲಿನಲ್ಲಿ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ನಾನು ಮೆಚ್ಚಿದ ಸ್ಟೋರೇಜ್ ಗೀಜರಿಗೂ ಒಂದು ಕಾಟವಿತ್ತು. ಕೂಡಿಸಿದ ಎರಡು ತಿಂಗಳಿಗೆ, ತಣ್ಣೀರು ಒಳಹೋಗುವ ಕಡೆ ಇರುವ ಸೇಫ್ಟಿ ವಾಲ್ವಿನಿಂದ ಹನಿ ಬೀಳತೊಡಗಿತು. ಮೊದಲು ಬಂದ ಪ್ಲಂಬರ್ ಟೇಪು ಸುತ್ತಿ ಹೋದ, ಹನಿ ನಿಲ್ಲಲಿಲ್ಲ. ಎರಡನೆಯವನು ಹೊಸ ವಾಲ್ವ್ ಹಾಕಿದ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಟಪಟಪ. ಮೂರನೆಯವನು, “ಸರ, ಇದರ ಬಾಯಿಗೊಂದು ಪ್ಲಗ್ ಹಾಕಿಬಿಡ್ತೀನ್ರಿ, ಹನಿ ತಾನ ನಿಂದರತೈತಿ,” ಎಂದ. ಹಾಕಿದ, ನಿಂತಿತು. ಮೂರು ದಿನ ನಾನೂ ನಿಶ್ಚಿಂತೆಯಿಂದಿದ್ದೆ.

ನಾಲ್ಕನೆಯ ದಿನ ಗೀಜರಿನ ಜೊತೆ ಬಂದ ಪುಸ್ತಿಕೆಯನ್ನು ಬಿಡಿಸಿ ಓದಿದಾಗ ಬೆವರಿದೆ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಕಾಯ್ದರೆ ಸುಮಾರು ಒಂದು ಲೋಟದಷ್ಟು, 200 ಮಿಲಿಲೀಟರ್, ಹಿಗ್ಗುತ್ತದೆ. ನಳ ಮುಚ್ಚಿದ್ದು, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲು ವಾಲ್ವ್ ಬಿಡದಿದ್ದಾಗ, ಆ ಹಿಗ್ಗಿದ ನೀರು ಹೊರಬೀಳಬೇಕಾದದ್ದು ಅದೇ ಬಾಯಿಂದ. ಅದನ್ನು ಮುಚ್ಚಿದ ಮೇಲೆ ಒತ್ತಡವನ್ನೆಲ್ಲ ಟ್ಯಾಂಕೇ ಹೊರಬೇಕು. ನೀರು ಸಾಕಷ್ಟು ಕಾಯ್ದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟು, ಅದಕ್ಕೆ ಕಾವಲಾಗಿರುವ ಕಟ್‌ಔಟ್ ಕೂಡ ಕೈಕೊಟ್ಟರೆ, ಟ್ಯಾಂಕು ಸಿಡಿಯುವುದಕ್ಕೆ ಅಡ್ಡಿಯೇ ಉಳಿಯುವುದಿಲ್ಲ. ಅಂದೇ ಪ್ಲಗ್ ತೆಗೆಸಿದೆ.

ಆಮೇಲೆ ಹನಿಯನ್ನು ಗಮನಿಸಿದೆ. ನೀರು ಕಾಯುವಾಗ ಮಾತ್ರ ಬಿದ್ದರೆ ಅದು ವಾಲ್ವಿನ ಕರ್ತವ್ಯ. ನಮ್ಮದು ಸ್ವಿಚ್ ಆರಿಸಿದ ರಾತ್ರಿಯೂ ಬೀಳುತ್ತಿತ್ತು. ಮಾಳಿಗೆಯ ಟ್ಯಾಂಕು 3 ಮೀಟರ್ ಮೇಲಿದ್ದರೆ ಬರುವ ಒತ್ತಡ ಹೆಚ್ಚೆಂದರೆ 0.3 ಬಾರ್, ನಮ್ಮ ವಾಲ್ವಿನ ಮೇಲೆ ಬರೆದಿದ್ದದ್ದು 8 ಬಾರ್. ಅಂದಮೇಲೆ ರಾತ್ರಿಯ ಹನಿಗೆ ಒತ್ತಡ ಕಾರಣವಲ್ಲ, ವಾಲ್ವಿನ ಬಾಯಲ್ಲಿ ಸಿಕ್ಕ ಸುಣ್ಣದ ಹರಳು ಕಾರಣ. ಗೀಜರ್ ತಣ್ಣಗಿರುವಾಗ ವಾಲ್ವಿನ ಸಣ್ಣ ಹಿಡಿಕೆಯನ್ನು ಎತ್ತಿ ನಾಲ್ಕಾರು ಸೆಕೆಂಡು ನೀರು ಚಿಮ್ಮಿಸಿದೆ, ರಾಗಿ ಕಾಳಿನಷ್ಟು ಬಿಳಿ ಹರಳೊಂದು ಹೊರಬಿತ್ತು, ಹನಿ ನಿಂತಿತು. ಮೂವರಿಗೆ ಕೊಟ್ಟ ಕೂಲಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗ ತಿಂಗಳಿಗೊಮ್ಮೆ ಹಿಡಿಕೆ ಎತ್ತುತ್ತೇನೆ. ವಾಲ್ವಿನ ಬಾಯಿಗೆ ತೆಳ್ಳನೆಯ ಪೈಪು ಸಿಕ್ಕಿಸಿ ಬಚ್ಚಲಿನ ತೂಬಿಗೆ ಬಿಟ್ಟಿದ್ದೇನೆ.

ಇಷ್ಟು ಕಾಡಿದರೂ ಅದನ್ನೇ ಹೊಗಳುವುದು ಅದರ ತಳ ಬಿಚ್ಚಲು ಬರುವುದಕ್ಕಾಗಿ. ಮೇನ್ ಸ್ವಿಚ್ ಆರಿಸಿ, ನೀರು ಖಾಲಿ ಮಾಡಿ, ಬೋಲ್ಟು ಬಿಚ್ಚಿದರೆ ಕಾಯಿಲ್ ಸಮೇತ ತಟ್ಟೆ ಕೈಗೆ ಬರುತ್ತದೆ. ಮೊದಲ ಸಲ ತೆಗೆದಾಗ ಕಾಯಿಲ್ ಹಿಟ್ಟಿನಲ್ಲಿ ಅದ್ದಿ ಕರಿದ ಮಿರ್ಚಿಯಂತೆ ದಪ್ಪಗಾಗಿತ್ತು. ತಳದಿಂದ ಎರಡು ಚೊಂಬು ಸುಣ್ಣದ ರವೆ ಬಳಿದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ವೈರು ಸೇರುವ ತುದಿ ನೆನೆಯದಂತೆ ಕಾಯಿಲನ್ನು ಇಳಿಬಿಟ್ಟರೆ ಸೋಡಾದಂತೆ ಬುರುಗುಟ್ಟಿ, ಮುಂಜಾನೆಗೆ ತಾಮ್ರದ ಬಣ್ಣ ಕಾಣುತ್ತದೆ. ಪಕ್ಕದಲ್ಲಿದ್ದ ಮೆಗ್ನೀಸಿಯಂ ಸರಳು ತಂತಿಯಷ್ಟಾಗಿತ್ತು. ಟ್ಯಾಂಕು ತುಕ್ಕು ಹಿಡಿಯದಿರಲೆಂದು ತಾನು ಸವೆಯುವುದೇ ಅದರ ಕೆಲಸ, ಹೊಸದು ಹಾಕಿದೆ. ರಬ್ಬರ್ ಗ್ಯಾಸ್ಕೆಟ್ ಪ್ರತಿಸಲ ಹೊಸದಿರಲಿ, ಹಳೆಯದು ಸೋರುತ್ತದೆ. ಥರ್ಮೋಸ್ಟಾಟನ್ನು 50ಕ್ಕೆ ಇಳಿಸಿದ ಮೇಲೆ ಮರುವರ್ಷ ಅರ್ಧ ಚೊಂಬು ರವೆಯಷ್ಟೇ ಸಿಕ್ಕಿತು.

ಬರೀ ನಳದ ಸಿಹಿನೀರಿನ ಮನೆಯವರು ಇನ್‌ಸ್ಟಂಟ್ ಕೊಂಡರೆ ನನ್ನ ತಕರಾರಿಲ್ಲ. ನಮಗೆ ನಾಲ್ಕು ಜನಕ್ಕೆ, ನವೆಂಬರಿನಿಂದ ಫೆಬ್ರವರಿಯವರೆಗೆ, 15 ಲೀಟರ್ ಧಾರಾಳ. ಬಿಚ್ಚಿ ತೊಳೆಯುವುದನ್ನು ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದೇನೆ. ಹಳ್ಳಿಯ ಮನೆಯಲ್ಲಿ ಆ ಹೊತ್ತಿಗೆ ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟುತ್ತಿದ್ದ ಅವ್ವ, ಇಲ್ಲಿ ನಾನು ಬೋಲ್ಟು ಬಿಗಿದು ಇಳಿಯುವುದನ್ನೇ ಕಾಯ್ದು, ಗೀಜರಿನ ಪೈಪಿಗೆ ಆ ಬಳ್ಳಿ ಸುತ್ತುತ್ತಾಳೆ.