ಎಂ.ಜಿ. ರಸ್ತೆ ಪಕ್ಕದ ಹಳೇ ಪುಸ್ತಕದಂಗಡಿ: ಯುದ್ಧ ಕಾದಂಬರಿ ಕೊಳ್ಳುವ ಮುನ್ನ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಈ ಹಳೇ ಪುಸ್ತಕದಂಗಡಿಯಲ್ಲಿ, ಖುದ್ದು ಯುದ್ಧಕ್ಕೆ ಹೋಗಿ ಬಂದವರು ಬರೆದ ಇಂಗ್ಲಿಷ್ ಕಾದಂಬರಿಗಳಿಗೆಂದೇ ಎರಡು ಸಾಲುಗಳಿವೆ. ಹೆಚ್ಚಿನವು ಅರ್ಧ ಬೆಲೆಗೆ ಸಿಗುತ್ತವೆ. ಸಂಗ್ರಹ ನಿಜಕ್ಕೂ ಚೆನ್ನಾಗಿದೆ. ಕೊರತೆಯೆಂದರೆ, ಒಂದೇ ಕಾದಂಬರಿಯ ಬೇರೆ ಬೇರೆ ಮುದ್ರಣಗಳನ್ನು ಒಟ್ಟಿಗೆ ಪೇರಿಸಿ ಒಂದೇ ದರ ಹಚ್ಚಿದ್ದಾರೆ. ಒಳಗಿರುವುದು ಒಂದೇ ಅಲ್ಲ.

ಮೊದಲ ಮಹಾಯುದ್ಧದ ಬಗ್ಗೆ ಜರ್ಮನ್ ಲೇಖಕ ರೆಮಾರ್ಕ್ ಬರೆದ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್' ನೋಡಿ. 1929ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಎ. ಡಬ್ಲ್ಯು. ವೀನ್ ತಾವೂ ಆ ಯುದ್ಧದಲ್ಲಿ ಹೋರಾಡಿದ್ದ ಆಸ್ಟ್ರೇಲಿಯನ್. ಅದೇ ವರ್ಷ ಅಮೆರಿಕದಲ್ಲಿ ಅಚ್ಚಾಗುವಾಗ ಮೊದಲ ಅಧ್ಯಾಯದ ಕಕ್ಕಸಿನ ದೃಶ್ಯಕ್ಕೂ ಹತ್ತನೇ ಅಧ್ಯಾಯದಲ್ಲಿ ಗಾಯಾಳುವಿನ ಹೆಂಡತಿ ಆಸ್ಪತ್ರೆಗೆ ಬರುವ ದೃಶ್ಯಕ್ಕೂ ಕತ್ತರಿ ಬಿತ್ತು. ಪ್ರತಿ ಪೂರ್ತಿಯಿದೆಯೇ ಎಂದು ಅಂಗಡಿಯಲ್ಲಿ ನಿಂತೇ ನೋಡಬಹುದು. 150 ಜನಕ್ಕೆ ಬೇಯಿಸಿದ ಊಟ, ಉಣ್ಣಲು ಮರಳಿದವರು 80: ಈ ಪ್ರಸಂಗ ಮೊದಲ ಪುಟಗಳಲ್ಲೇ ಇದೆ. ಅದಾದ ಮೇಲೆ ಹುಡುಗರು ಹುಲ್ಲುಗಾವಲಲ್ಲಿ ಕಕ್ಕಸಿನ ಪೆಟ್ಟಿಗೆಗಳ ಮೇಲೆ ಕೂತು ಇಸ್ಪೀಟಾಡಬೇಕು. ಆಡದಿದ್ದರೆ ಆ ಪ್ರತಿ ಬೇಡ. ಸಾವಿನ ಬಾಯಿಂದ ಬಂದವರಿಗೆ ಹೊಟ್ಟೆ ತುಂಬುವುದು, ಬಯಲಿಗೆ ಕೂರುವುದೇ ದೊಡ್ಡ ನೆಮ್ಮದಿ ಎಂಬುದು ಕಾದಂಬರಿಯ ಜೀವಾಳ. ಅದನ್ನೇ ಕಿತ್ತರೆ ಉಳಿಯುವುದು ಅರ್ಧ ರೆಮಾರ್ಕ್. ಕತ್ತರಿ ಬೀಳದ ಬ್ರಯನ್ ಮರ್ಡಾಕ್ ಅನುವಾದ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ.

ಹೆಮಿಂಗ್ವೇಯ 'ಎ ಫೇರ್‌ವೆಲ್ ಟು ಆರ್ಮ್ಸ್' ಅನ್ನು ಅಂಗಡಿಯವರು 'ಕಣ್ಣಾರೆ ಕಂಡದ್ದು' ಎಂಬ ಚೀಟಿಯಡಿ ಇಟ್ಟಿದ್ದಾರೆ. ಅದು ಅರ್ಧ ಸತ್ಯ. ಗಾಯ, ಆಸ್ಪತ್ರೆ ಅವನವೇ. ಆದರೆ ಕಾದಂಬರಿಯಲ್ಲಿ ಬರುವ, ಇಟಲಿ ಸೇನೆಯ ಕಪೊರೆಟ್ಟೊ ಹಿಮ್ಮೆಟ್ಟುವಿಕೆ ನಡೆದದ್ದು 1917ರಲ್ಲಿ, ಅವನು ಇಟಲಿಗೆ ಬಂದದ್ದು 1918ರಲ್ಲಿ. ಆದರೂ ಆ ಮಳೆ, ಕೆಸರು, ಹೂತ ಗಾಡಿಗಳ ಅಧ್ಯಾಯಗಳೇ ಪುಸ್ತಕದ ಅತ್ಯುತ್ತಮ ಭಾಗ. ಅನುಭವದಿಂದ ಬರೆಯುವುದೆಂದರೆ ಕಂಡದ್ದನ್ನಷ್ಟೇ ಬರೆಯುವುದಲ್ಲ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ವಾನೆಗಟ್‌ನ 'ಸ್ಲಾಟರ್‌ಹೌಸ್-ಫೈವ್' ಧಾರಾಳವಾಗಿ ಸಿಗುತ್ತದೆ. ಮೊದಲ ಅಧ್ಯಾಯವನ್ನು ಮುನ್ನುಡಿಯೆಂದು ಹಾರಿಸಬೇಡಿ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಯುದ್ಧಕೈದಿಯಾಗಿದ್ದ ವಾನೆಗಟ್ 1945ರ ಫೆಬ್ರವರಿಯ ಬಾಂಬ್ ದಾಳಿಯನ್ನು ಬರೆಯಲು ಯಾಕಿಷ್ಟು ವರ್ಷ ಒದ್ದಾಡಿದನೆಂಬುದು ಅಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ 60 ಸಲ ಬಾಂಬರ್ ವಿಮಾನ ಹತ್ತಿದ್ದ ಹೆಲ್ಲರ್‌ನ 'ಕ್ಯಾಚ್-22' ಪ್ರತಿಗಳ ಅಕ್ಷರ ತೀರಾ ಸಣ್ಣದು. ದಪ್ಪಕ್ಷರದ್ದು ಬರುವವರೆಗೆ ಕಾಯಬಹುದು.

ಇನ್ನು ಪುಸ್ತಕದ ಸ್ಥಿತಿ. ಮಲೆನಾಡಿನ ಮಳೆಗಾಲಕ್ಕೆ ಬರೀ ಅಂಟು ಹಾಕಿದ ಬೈಂಡಿಂಗ್ ನಿಲ್ಲುವುದಿಲ್ಲ. ನಡುಪುಟ ಮೆಲ್ಲಗೆ ಬಿಡಿಸಿ. ಬೆನ್ನಲ್ಲಿ ಚಟಚಟ ಸದ್ದಾದರೆ ಹಾಳೆಗಳು ಉದುರುವ ದಿನ ದೂರವಿಲ್ಲ. ಬರೀ ಕಂದು ಚುಕ್ಕೆಯಿದ್ದರೆ ಅಡ್ಡಿಯಿಲ್ಲ, ಮುಗ್ಗಲು ವಾಸನೆಯಿದ್ದರೆ ಬೇಡ. ಬೂಷ್ಟು ಮನೆಯ ಬೇರೆ ಪುಸ್ತಕಗಳಿಗೂ ಹತ್ತುತ್ತದೆ. ಅಂಗಡಿಯವರು ಹಾಕಿಕೊಡುವ ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಡುತ್ತದೆ, ಮನೆಗೆ ಬಂದ ಕೂಡಲೇ ತೆಗೆಯಿರಿ. ಬಿಸಿಲಿಗಿಟ್ಟರೆ ಹಾಳೆ ಒಡಕಲಾಗುತ್ತದೆ. ಪುಟ ಬಿಡಿಸಿ, ನೆಟ್ಟಗೆ ನಿಲ್ಲಿಸಿ, ಫ್ಯಾನಿನ ಗಾಳಿಗೆ ಆರಲು ಬಿಡಿ.