ಮೊದಲ ವೆಬ್‌ಸೈಟ್ ಕೆಲಸ ಹುಡುಕೋಕೆ ಗೂಗಲ್ ಮ್ಯಾಪ್ಸ್: ಎಂಟು ತಿಂಗಳು ಬಳಸಿದ ಮೇಲೆ ನನ್ನ ರಿವ್ಯೂ (5ಕ್ಕೆ 4)

ದಾರಿ ತೋರ್ಸೋ ಆಪ್‌ಗೆ ವೆಬ್ ಡಿಸೈನರ್ ಯಾಕೆ ರಿವ್ಯೂ ಬರೀತಿದಾರೆ ಅನ್ನಿಸಬಹುದು. ಕೋರ್ಸ್ ಮುಗ್ಸಿ ಹಾಸನದಲ್ಲಿ ಮನೇಲೇ ಕೂತು ಫ್ರೀಲಾನ್ಸ್ ಶುರು ಮಾಡಿದೆ, ನನ್ನ ಮೊದಲ ಮೂರು ಕ್ಲೈಂಟ್‌ಗಳು ಸಿಕ್ಕಿದ್ದು ಇಲ್ಲಿಂದಾನೇ, ಅದೂ ಆಪ್‌ಗೆ ಒಂದು ರೂಪಾಯಿ ಕೊಡ್ದೆ, ಅದಕ್ಕೇ ಬರೀತಿದೀನಿ.

ಅದಕ್ಕೆ ಮುಂಚೆ ಎರಡು ತಿಂಗಳು ಒಂದು ದೊಡ್ಡ ಫ್ರೀಲಾನ್ಸ್ ಸೈಟಲ್ಲಿದ್ದೆ. ಅರ್ಜಿ ಹಾಕೋಕೇ ದುಡ್ಡು ಕೊಟ್ಟು ಪಾಯಿಂಟ್ ತಗೋಬೇಕು, ಪ್ರೊಫೈಲಲ್ಲಿ ರಿವ್ಯೂ ಇಲ್ಲಾಂದ್ರೆ ಯಾರೂ ಕಣ್ಣೆತ್ತಿ ನೋಡಲ್ಲ, ರಿವ್ಯೂ ಬೇಕಂದ್ರೆ ಮೊದಲು ಕೆಲಸ ಸಿಗ್ಬೇಕು. ನಲವತ್ತು ಅರ್ಜಿಗೆ ಬಂದಿದ್ದು ಒಂದೇ ಉತ್ತರ, ಅದೂ ಒಂದು ಪೇಜ್ ಫ್ರೀಯಾಗಿ ಮಾಡಿ ತೋರ್ಸಿ ಅಂತ. ಬಿಟ್ಟೆ.

ಮ್ಯಾಪ್ಸಲ್ಲಿ ಮಾಡಿದ್ದು ಏನಂದ್ರೆ, ಸಕಲೇಶಪುರ ಸುತ್ತಮುತ್ತ ಹೋಂಸ್ಟೇ ಅಂತ ಹುಡುಕಿ ಒಂದೊಂದೇ ತೆಗ್ದು ವೆಬ್‌ಸೈಟ್ ಬಟನ್ ಇದ್ಯಾ ನೋಡೋದು, ಇದ್ರೆ ಒತ್ತಿ ನೋಡೋದು. ಕೆಲವಕ್ಕೆ ಬಟನ್ನೇ ಇಲ್ಲ, ಕೆಲವು ಇನ್‌ಸ್ಟಾಗ್ರಾಮ್‌ಗೆ ಹೋಗ್ತವೆ, ಇನ್ನು ಕೆಲವು ಬಿಸಿನೆಸ್ ಡಾಟ್ ಸೈಟ್ ಅಂತ ಮುಗಿಯೋ ವಿಳಾಸಕ್ಕೆ ಹೋಗಿ ಏನೂ ತೆರೆಯಲ್ಲ. ಈ ಕೊನೇದು ತುಂಬಾ ಮುಖ್ಯ. ಬಿಸಿನೆಸ್ ಪ್ರೊಫೈಲ್, ಅಂದ್ರೆ ಮ್ಯಾಪ್ಸಲ್ಲಿ ಒಂದು ವ್ಯಾಪಾರದ ವಿವರ ತೋರ್ಸೋ ಪುಟ, ಅದರ ಜೊತೆ ಗೂಗಲ್ ಮುಂಚೆ ಫ್ರೀಯಾಗಿ ಒಂದು ಸಣ್ಣ ವೆಬ್‌ಸೈಟ್ ಕೊಡ್ತಿತ್ತು, 2024ರ ಮಾರ್ಚ್‌ನಲ್ಲಿ ಅದನ್ನ ನಿಲ್ಲಿಸ್ತು. ಆ ವಿಳಾಸನೇ ವಿಸಿಟಿಂಗ್ ಕಾರ್ಡಲ್ಲಿ, ಗೇಟಿನ ಬೋರ್ಡಲ್ಲಿ ಬರೆಸ್ಕೊಂಡಿರೋರು ಇನ್ನೂ ಇದಾರೆ, ಸೈಟ್ ಇಲ್ಲ ಅನ್ನೋದೇ ಅವರಿಗೆ ಗೊತ್ತಿಲ್ಲ.

ಹಾಗಾಗಿ ಫೋನ್ ಮಾಡ್ದಾಗ ನಾನು ವೆಬ್‌ಸೈಟ್ ಮಾಡ್ಕೊಡ್ತೀನಿ ಅಂತ ಶುರು ಮಾಡಲ್ಲ, ಹಂಗಂದ್ರೆ ಅರ್ಧಕ್ಕೇ ಕಟ್ ಮಾಡ್ತಾರೆ. ಸಾರ್ ನಿಮ್ಮ ಹೋಂಸ್ಟೇ ಮ್ಯಾಪಲ್ಲಿ ನೋಡ್ತಿದ್ದೆ, ವೆಬ್‌ಸೈಟ್ ಒತ್ತಿದ್ರೆ ತೆರೀತಿಲ್ಲ, ನಿಮಗೆ ಗೊತ್ತಾ ಅಂತ ಕೇಳ್ತೀನಿ. ಹೌದಾ ಅಂತ ಅವರೇ ಫೋನಲ್ಲಿ ತೆಗ್ದು ನೋಡ್ತಾರೆ, ಅಲ್ಲಿಂದ ಮಾತು ತಾನಾಗೇ ಬೆಳೆಯುತ್ತೆ.

ಮೊದಲನೇ ಕ್ಲೈಂಟ್ ಸಿಕ್ಕಿದ್ದಂತೂ ಪಿನ್‌ನಿಂದ, ಅಂದ್ರೆ ಮ್ಯಾಪಲ್ಲಿ ಜಾಗ ತೋರ್ಸೋ ಗುರುತಿನಿಂದ. ಹಾನುಬಾಳು ಕಡೆ ಕಾಫಿ ತೋಟದ ಒಳಗಿರೋ ಒಂದು ಹೋಂಸ್ಟೇ, ಮ್ಯಾಪ್ ಪಿನ್ ತೋಟದ ಇನ್ನೊಂದು ಗೇಟ್ ಹತ್ರ ಕೂತಿತ್ತು, ಗೆಸ್ಟ್‌ಗಳು ರಾತ್ರಿ ಹೊತ್ತು ಅಲ್ಲಿಗೆ ಹೋಗಿ ನಿಂತು, ನೆಟ್‌ವರ್ಕ್ ಸಿಗ್ದೆ ವಾಪಸ್ ಮೇನ್ ರೋಡಿಗೆ ಬಂದು ಫೋನ್ ಮಾಡೋರಂತೆ. ರಿವ್ಯೂಗಳಲ್ಲಿ ಮೂರು ಜನ ಇದನ್ನೇ ಬರ್ದಿದ್ರು. ಅದನ್ನ ಓದ್ಕೊಂಡೇ ನಾನು ಫೋನ್ ಮಾಡಿದ್ದು. ಪ್ರೊಫೈಲ್ ಅವರ ಹೆಸರಿಗೆ ವೆರಿಫೈ ಆಗಿರ್ಲಿಲ್ಲ, ಅದಕ್ಕೆ ಒಂದೇ ಸಲಕ್ಕೆ ಎಲ್ಲೂ ಕಟ್ ಮಾಡ್ದೆ ವಿಡಿಯೊ ತೆಗೀಬೇಕು, ರಸ್ತೆ, ಬೋರ್ಡು, ಒಳಗಿನ ಜಾಗ, ಇದು ತಮ್ಮದೇ ಅನ್ನೋಕೆ ಒಂದು ಸಾಕ್ಷಿ, ಎಲ್ಲಾ ಬರ್ಬೇಕು. ನಾನೇ ಬಸ್ ಹತ್ತಿ ಹೋಗಿ ಜೊತೇಲಿದ್ದು ತೆಗ್ಸಿದೆ, ತೋಟದಲ್ಲಿ ಸಿಗ್ನಲ್ ಇಲ್ದೆ ಅಪ್‌ಲೋಡ್ ಆಗ್ಲಿಲ್ಲ ಅಂತ ಪೇಟೆಗೆ ಬಂದು ಕಳ್ಸಿದ್ವಿ. ಆಮೇಲೆ ಪಿನ್ ಸರಿ ಮಾಡಿದೆ. ಇದಕ್ಕೆ ದುಡ್ಡು ಕೇಳ್ಲಿಲ್ಲ. ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿ, ಬುಕಿಂಗ್ ಆಪ್‌ಗಳಿಗೆ ಕಮಿಷನ್ ಕೊಟ್ಟು ಸಾಕಾಗಿದೆ, ನೇರವಾಗಿ ವಾಟ್ಸಾಪ್‌ಗೆ ಬರೋ ಹಾಗೆ ಒಂದು ಸೈಟ್ ಮಾಡಿ ಅಂದ್ರು. 8,000 ರೂಪಾಯಿ, ಅರ್ಧ ಮುಂಗಡ ಯುಪಿಐನಲ್ಲಿ. ಡೊಮೇನ್, ಅಂದ್ರೆ ಸೈಟಿನ ವಿಳಾಸ, ಅವರ ಹೆಸರಲ್ಲೇ ಅವರ ಇಮೇಲ್‌ನಲ್ಲೇ ತಗೊಂಡ್ವಿ, ಇದೊಂದನ್ನ ದಯವಿಟ್ಟು ಎಲ್ರೂ ಹಿಂಗೇ ಮಾಡಿ, ಡಿಸೈನರ್ ಹೆಸರಲ್ಲಿ ಡೊಮೇನ್ ಇದ್ದು ಆಮೇಲೆ ಆ ಡಿಸೈನರ್ ಫೋನೇ ಎತ್ತಲ್ಲ ಅಂತ ಒದ್ದಾಡೋ ಓನರ್‌ಗಳನ್ನ ಕಣ್ಣಾರೆ ನೋಡಿದೀನಿ.

ಊಟದ ಮೆನು ಅವರು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ಸಿಟ್ಟಿದ್ರು, ಹಳೇ ಫಾಂಟ್, ವೆಬ್‌ಗೆ ಹಾಕಿದ್ರೆ ಬರೀ ಇಂಗ್ಲಿಷ್ ಅಕ್ಷರದ ಗೋಜಲು ಬಂತು. ಫೋನು, ವೆಬ್ ಎಲ್ಲಾ ಕಡೆ ಕನ್ನಡ ಸರಿಯಾಗಿ ಕಾಣೋ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ, ಒತ್ತಕ್ಷರ ಎಲ್ಲಾ ಒಂದೊಂದೇ ಚೆಕ್ ಮಾಡಿ, ನೋಟೋ ಸಾನ್ಸ್ ಕನ್ನಡ ಫಾಂಟಲ್ಲಿ ಹಾಕಿದೆ. ಅಕ್ಕಿರೊಟ್ಟಿ, ಕಡುಬು ಅಂತ ಕನ್ನಡದಲ್ಲೇ ಕಂಡಾಗ ಮನೆಯವರಿಗೆ ಆದ ಖುಷಿ ನೋಡ್ಬೇಕಿತ್ತು. ಫೋಟೋಗಳನ್ನ ತುಂಬಾ ಸಣ್ಣ ಸೈಜ್ ಮಾಡಿದೆ, ಯಾಕಂದ್ರೆ ಆ ಕಡೆ ಸಿಗ್ನಲ್ ಒಂದು ಕಡ್ಡಿ ಇದ್ರೆ ಹೆಚ್ಚು, ದಾರಿ ಹೇಳೋ ಪುಟಾನೇ ತೆರೀಲಿಲ್ಲ ಅಂದ್ರೆ ಸೈಟ್ ಇದ್ದೂ ಪ್ರಯೋಜನ ಇಲ್ಲ.

ಹೊತ್ತು ನೋಡಿ ಫೋನ್ ಮಾಡೋದು ಬಹಳ ಮುಖ್ಯ. ಶನಿವಾರ ಭಾನುವಾರ ಗೆಸ್ಟ್ ಇರ್ತಾರೆ, ಮಾಡ್ಲೇಬೇಡಿ. ಮಂಗಳವಾರ ಬುಧವಾರ ಮಧ್ಯಾಹ್ನ ಊಟ ಆದ್ಮೇಲೆ ಸರಿ. ಡಿಸೆಂಬರ್ ಜನವರಿಲಿ ಕಾಫಿ ಕೊಯ್ಲು, ಓನರ್‌ಗಳು ಕಣದಲ್ಲೇ ಇರ್ತಾರೆ, ಆಗ ನಾನು ಮಾಡಿದ ಹದಿನೈದು ಕಾಲ್ ಪೂರ್ತಿ ದಂಡ ಆಯ್ತು. ಒಟ್ಟು ಅರವತ್ತೆರಡು ಕಾಲ್, ಹನ್ನೊಂದು ಜನ ಸರಿಯಾಗಿ ಮಾತಾಡಿದ್ರು, ಮೂರು ಜನ ಕೆಲಸ ಕೊಟ್ರು. ಎರಡನೇ ಕೆಲಸದ ಬಾಕಿ 3,000 ಇನ್ನೂ ಬಂದಿಲ್ಲ, ಅದಾದ್ಮೇಲೆ ಪೂರ್ತಿ ದುಡ್ಡು ಬರೋವರೆಗೂ ಸೈಟ್ ಲೈವ್ ಮಾಡಲ್ಲ ಅಂತ ಮೊದಲೇ ವಾಟ್ಸಾಪಲ್ಲಿ ಬರ್ದು ಓಕೆ ತಗೋತೀನಿ.

ಒಂದು ಸ್ಟಾರ್ ಯಾಕೆ ಕಮ್ಮಿ ಅಂದ್ರೆ, ವೆಬ್‌ಸೈಟ್ ಇಲ್ದಿರೋ ಜಾಗ ಮಾತ್ರ ತೋರ್ಸು ಅನ್ನೋಕೆ ಮ್ಯಾಪ್ಸಲ್ಲಿ ಫಿಲ್ಟರ್ ಇಲ್ಲ, ಎಲ್ಲಾ ಕೈಯಲ್ಲೇ ತೆಗ್ದು ಎಕ್ಸೆಲ್‌ನಲ್ಲಿ ಬರ್ಕೋಬೇಕು. ನಂಬರ್‌ಗಳನ್ನ ಒಂದೇ ಸಲಕ್ಕೆ ಎಳ್ಕೊಡೋ ಟೂಲ್‌ಗಳಿವೆ, ಗೂಗಲ್ ನಿಯಮದಲ್ಲಿ ಹಾಗೆ ಎಳೆಯೋಕೆ ಅವಕಾಶ ಇಲ್ಲ, ಅದೂ ಅಲ್ದೆ ಐನೂರು ಜನಕ್ಕೆ ಒಂದೇ ಮೆಸೇಜ್ ಹೋದ್ರೆ ಯಾರ ಪಿನ್ ಎಲ್ಲಿ ತಪ್ಪಿದೆ ಅಂತ ನಿಮಗೆ ಗೊತ್ತೇ ಇರಲ್ಲ.

ಮೂರನೇ ಕೆಲಸ ಮುಗೀತು, ಮೊನ್ನೆ ಮೊದಲನೇ ಹೋಂಸ್ಟೇಯವರು ಮೂಡಿಗೆರೆ ಕಡೆ ಇರೋ ಅವರ ಭಾವನ ನಂಬರ್ ಕೊಟ್ಟಿದಾರೆ. ಫೋನ್ ಮಾಡೋಕ್ ಮುಂಚೆ ಆ ಜಾಗಕ್ಕಿರೋ ರಿವ್ಯೂ ಎಲ್ಲಾ ಓದ್ತಾ ಕೂತಿದೀನಿ, ನಲವತ್ತೇಳಿವೆ.